ಹನಿಮೂನ್ ಹೋಟೆಲಿನಲ್ಲಿ ಹದಿನೈದನೆಯ ದಿನ

ಆರೋಗ್ಯ ಇಲಾಖೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಹೇಳಲು ನನ್ನ ಬಳಿ ಇರುವುದು ಬುದ್ಧಿಮಾತಲ್ಲ, ನಾನು ಮಾಡಿದ ಎಡವಟ್ಟುಗಳ ಪಟ್ಟಿ. ಬುದ್ಧಿಮಾತು ಬೇಕಿದ್ದವರು ಬಡ್ತಿ ಪಡೆದವರ ಹತ್ತಿರ ಹೋಗಿ. ನಾನು ಮೂವತ್ತನಾಲ್ಕು ವರ್ಷ ಹೆಲ್ತ್ ಇನ್ಸ್‌ಪೆಕ್ಟರ್ ಆಗಿ ಕೊಡ್ಲಿಪೇಟೆಯಿಂದ ಬಾಳೆಲೆಯವರೆಗೆ ಕೊಡಗಿನ ಎಲ್ಲ ಮೂಲೆಗಳನ್ನೂ ಸುತ್ತಿದವನು. ಸುತ್ತಿದ ಜಾಗಗಳ ಹೆಸರು ಮರೆತಿವೆ, ಬೈಸಿಕೊಂಡ ಜಾಗಗಳು ನೆನಪಿವೆ. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಒಂದು ಎಸ್ಟೇಟಿನಲ್ಲಿ ಕುಡಿಯುವ ನೀರಿನ ತೊಟ್ಟಿ ಎಂದುಕೊಂಡು ಧಣಿಗಳ ಬಣ್ಣದ ಮೀನಿನ ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಸುರಿದಿದ್ದೆ. ಆ ಮೀನುಗಳ ಶಾಪವೋ ಏನೋ, ಕೆಲಸದ ಕೊನೆಯ ವರ್ಷ ನಾನು ಮೀನುಗಾರಿಕೆ ಇಲಾಖೆಯ ಸಾಹೇಬರ ಕೈಕೆಳಗೆ ಬಿದ್ದೆ.

ನಾವು ಸೇರಿದ ಕಾಲದಲ್ಲಿ ಕೆಲಸದ ರೀತಿಯೇ ಬೇರೆ. ಮಲೇರಿಯಾ ಔಷಧಿ ಹೊಡೆಯಲು ಎಸ್ಟೇಟುಗಳಿಗೆ ಹೋದರೆ, ಕೂಲಿಯವರು ವಾಸಿಸುವ ಲೈನ್ ಮನೆಗಳ ಬಾಗಿಲ ಪಕ್ಕ ಗೋಡೆಗೆ ತಾರೀಖು ಬರೆದು ಬರುತ್ತಿದ್ದೆವು. ಮುಂದಿನ ಸಲ ಹೋದಾಗ ಅದರ ಕೆಳಗೆ ಇನ್ನೊಂದು ತಾರೀಖು. ತಪ್ಪಾದರೆ ಸುಣ್ಣ ಬಳಿದರೆ ಮುಗಿಯಿತು. ಕೊರೊನಾ ಬಂದ ವರ್ಷ ಮೇಲಿನವರು, ಗೋಡೆ ಬೇಡ, ಮನುಷ್ಯರ ಕೈ ಮೇಲೆಯೇ ತಾರೀಖು ಒತ್ತಿ ಎಂದರು. ಚುನಾವಣೆಯಲ್ಲಿ ಬೆರಳಿಗೆ ಹಚ್ಚುತ್ತಾರಲ್ಲ, ಅದೇ ಶಾಯಿ. ಅದಕ್ಕೆ ಬಳಿಯಲು ಸುಣ್ಣ ಇರಲಿಲ್ಲ.

ಹೊರದೇಶದಿಂದ ವಿಮಾನದಲ್ಲಿ ಬಂದವರನ್ನು ಊರೊಳಗೆ ಬಿಡುವ ಮೊದಲು ಹದಿನಾಲ್ಕು ದಿನ ಹೋಟೆಲಿನಲ್ಲಿ ಇರಿಸಬೇಕು ಎಂದು ಆದೇಶವಾಯಿತು. ಮಡಿಕೇರಿಯಲ್ಲಿ ಇಲಾಖೆಯ ಪಾಲಿಗೆ ಸಿಕ್ಕಿದ್ದು ಹೊಸದಾಗಿ ಮದುವೆಯಾದವರೇ ಬರುತ್ತಿದ್ದ ಒಂದು ಹೋಟೆಲು. ಕೋಣೆಗಳಿಗೆ ನಂಬರಿನ ಜೊತೆಗೆ ‘ಮಿಲನ’, ‘ಮಧುಚಂದ್ರ’ ಎಂದೆಲ್ಲ ಹೆಸರು. ದುಂಡನೆಯ ಮಂಚ, ಹೃದಯದ ಆಕಾರದ ಕೆಂಪು ದಿಂಬು, ಸ್ನಾನದ ಮನೆಗೆ ಗಾಜಿನ ಗೋಡೆ. ಅಲ್ಲಿಗೆ ನಾನು ಆರೋಗ್ಯಾಧಿಕಾರಿ. ನನ್ನ ಮೇಲೆ ನೋಡಲ್ ಅಧಿಕಾರಿಯಾಗಿ ಮೀನುಗಾರಿಕೆಯ ಸಾಹೇಬರು. ಎಲ್ಲ ಇಲಾಖೆಗಳ ಅಧಿಕಾರಿಗಳಿಗೂ ಒಂದೊಂದು ಹೋಟೆಲು ಹಂಚಿದ್ದರು, ಇವರ ಪಾಲಿಗೆ ಇದು ಬಂದಿತ್ತು.

ಸಾಹೇಬರನ್ನು ಕಂಡು ನಾವೆಲ್ಲ ಹಿಂದಿನಿಂದ ನಗುತ್ತಿದ್ದೆವು. ಆದರೆ ನಿಜ ಹೇಳಬೇಕೆಂದರೆ ಇಡೀ ಜಿಲ್ಲೆಯಲ್ಲಿ ಕ್ವಾರಂಟೈನ್ ಮಾಡಿ ಅನುಭವವಿದ್ದ ಅಧಿಕಾರಿ ಅವರೊಬ್ಬರೇ. ಹೊರಗಿನಿಂದ ತಂದ ಮೀನು ಮರಿಗಳನ್ನು ಕೆರೆಗೆ ಬಿಡುವ ಮುಂಚೆ ಬೇರೆ ತೊಟ್ಟಿಯಲ್ಲಿ ಇಟ್ಟು ನೋಡುತ್ತಾರಂತೆ. “ಮೀನಾದ್ರೆ ಸುಲಭ ಕಣ್ರೀ, ಫೋನ್ ಮಾಡಲ್ಲ” ಎಂದು ಅವರು ಮೊದಲ ದಿನವೇ ನಿಟ್ಟುಸಿರು ಬಿಟ್ಟರು. ಅವರಿಗೆ ದಿನಕ್ಕೆ ಮೂರು ಸುತ್ತೋಲೆ ಬರುತ್ತಿದ್ದವು. ಬೆಳಗಿನದನ್ನು ಮಧ್ಯಾಹ್ನದ್ದು ರದ್ದು ಮಾಡುತ್ತಿತ್ತು, ಸಂಜೆಯದು ಮಧ್ಯಾಹ್ನದ್ದಕ್ಕೆ ತಿದ್ದುಪಡಿ. ಅವರು ಎಲ್ಲವನ್ನೂ ವಾಟ್ಸಾಪಿನಲ್ಲಿ ನನಗೆ ದಾಟಿಸಿ ಕೆಳಗೆ ‘ಕ್ರಮಕ್ಕಾಗಿ’ ಎಂದು ಹಾಕುತ್ತಿದ್ದರು. ನಾನು ಎಲ್ಲದಕ್ಕೂ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದೆ. ಓದುತ್ತಿದ್ದೆ ಎಂದು ಮಾತ್ರ ಹೇಳಲಾರೆ.

ಮೊದಲ ಬಸ್ಸಿನಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಿಂದ ಇಪ್ಪತ್ತಮೂರು ಜನ ಬಂದಿಳಿದರು. ನಾನು ತಲೆಯಿಂದ ಕಾಲಿನವರೆಗೆ ಬಿಳಿ ಪ್ಲಾಸ್ಟಿಕ್ ಉಡುಪು ತೊಟ್ಟು, ಕನ್ನಡಕದೊಳಗೆ ಬೆವರಿನ ಮಂಜು ತುಂಬಿಕೊಂಡು, ಕೈಯಲ್ಲಿ ಬಿಡುಗಡೆಯ ತಾರೀಖಿನ ಮೊಹರು ಹಿಡಿದು ನಿಂತಿದ್ದೆ. ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ಇದ್ದವರು ಅರವತ್ತು ದಾಟಿದ ಗೌರಮ್ಮ. ಕುಶಾಲನಗರದ ಹತ್ತಿರದ ಹಳ್ಳಿಯವರು, ಅವರ ಮಾವನ ಕಾಲಕ್ಕೆ ಹಾಸನದ ಕಡೆಯಿಂದ ಬಂದು ನೆಲೆ ನಿಂತ ಒಕ್ಕಲು ಮನೆತನ. ದೊಡ್ಡ ಮಗಳ ಬಾಣಂತನ ಮಾಡಲು ಮಸ್ಕತ್ತಿಗೆ ಹೋಗಿ, ವಿಮಾನಗಳು ನಿಂತು ಅಲ್ಲೇ ಸಿಕ್ಕಿಕೊಂಡಿದ್ದವರು. ಕೈ ಚಾಚಿದವರು ಮೊಹರಿನ ಕಡೆ ನೋಡಿ ಕೇಳಿದರು:

“ಈ ಶಾಯಿ ಹೋಯ್ತದಾ ಸಾಮಿ? ಮಗೀಗೆ ಎಣ್ಣೆ ನೀರು ಹಾಕೋ ಕೈ ಇದು.”

“ಹದಿನಾಲ್ಕು ದಿನ ಹೋಗಬಾರ್ದಮ್ಮ, ಅದಕ್ಕೇ ಹಾಕೋದು” ಎಂದೆ.

ಆಮೇಲೆ ಅವರ ಚೀಲಕ್ಕೆ ರಾಸಾಯನಿಕ ಸಿಂಪಡಿಸುವ ಕೆಲಸ. ನಿಯಮದಲ್ಲಿ ‘ಸಾಮಾನುಗಳ ಮೇಲೆ’ ಎಂದಿತ್ತು. ನಾನು ಉತ್ಸಾಹಕ್ಕೆ ಬಿದ್ದು ಜಿಪ್ ತೆಗೆಸಿ ಒಳಗೂ ಹೊಡೆದೆ. ಒಳಗೆ ಇಲ್ಲಿ ಹೆರಿಗೆಗೆ ಕಾದಿದ್ದ ಎರಡನೆಯ ಮಗಳಿಗೆಂದು ತಂದಿದ್ದ ಖರ್ಜೂರ, ಬಾದಾಮಿ, ಅಂಟು ಇದ್ದವು. ಬಾಣಂತಿಗೆ ಅಂಟಿನುಂಡೆ ಕಟ್ಟಲು ಬೇಕಾದ ಎಲ್ಲವೂ. ಗೌರಮ್ಮ ಒಂದು ಖರ್ಜೂರ ತೆಗೆದು ಮೂಸಿದರು.

“ಅಲ್ಲಾ ಸಾಮಿ, ಬಾಣ್ತಿಗೆ ಬ್ಲೀಚಿಂಗ್ ಪೌಡ್ರು ಉಂಡೆ ಕಟ್ಲಾ ನಾನು?”

ಅವರಿಗೆ ಕೊಟ್ಟದ್ದು ‘ಮಧುಚಂದ್ರ’ ಕೋಣೆ. ಅರ್ಧ ಗಂಟೆಯೊಳಗೆ ಫೋನು ಬಂತು. ಹಾಸಿಗೆಯ ಮೇಲೆ ಟವೆಲನ್ನು ಎರಡು ಹಂಸಗಳಂತೆ ಮಡಿಚಿ ಕೊಕ್ಕಿಗೆ ಕೊಕ್ಕು ತಾಗಿಸಿ ಇಟ್ಟಿದ್ದರು, ಹೋಟೆಲಿನ ಹುಡುಗರಿಗೆ ಅದು ರೂಢಿ. “ಮೈ ಒರೆಸೋ ಬಟ್ಟೆನ ಯಾಕೆ ಬಾತುಕೋಳಿ ಮಾಡವ್ರೆ? ಬಿಚ್ಬೌದಾ?” ಎಂದು ಕೇಳಿದರು. ಬಿಚ್ಚಿ ಎಂದೆ. ಗಾಜಿನ ಗೋಡೆಯ ಬಚ್ಚಲಿಗೆ ತಮ್ಮದೇ ಸೀರೆ ಕಟ್ಟಿಕೊಂಡರು. ಹೃದಯದ ದಿಂಬನ್ನು ಕುರ್ಚಿಯ ಮೇಲಿಟ್ಟು ಕುಳಿತುಕೊಂಡರು. ಮಂಚ ದುಂಡಗಿದೆ, ಯಾವ ಕಡೆ ತಲೆ ಇಟ್ಟರೂ ಕಾಲು ಹೊರಗೆ ಬರುತ್ತದೆ ಎಂದು ನೆಲದ ಮೇಲೆ ಮಲಗಿದರು.

ಎರಡನೆಯ ದಿನದ ಹೊತ್ತಿಗೆ ಆ ಅಂತಸ್ತಿಗೆ ನಿಜವಾದ ಆರೋಗ್ಯಾಧಿಕಾರಿ ಯಾರು ಎಂಬುದು ತೀರ್ಮಾನವಾಗಿತ್ತು. ನಮಗೆ ತರಬೇತಿಯಲ್ಲಿ ಪರದೆಯ ಮೇಲೆ ಚಿತ್ರ ತೋರಿಸಿ ಕಲಿಸಿದ್ದನ್ನೆಲ್ಲ ಗೌರಮ್ಮ ಹತ್ತಾರು ಹೆರಿಗೆ ಕೋಣೆಗಳಲ್ಲಿ ಮಾಡಿ ಮುಗಿಸಿದ್ದರು. ತಟ್ಟೆ ಲೋಟ ಬೇರೆ, ಹಾಸಿಗೆ ಬೇರೆ, ಕೈ ಕಾಲು ತೊಳೆಯದೆ ಹೊಸ್ತಿಲು ದಾಟುವಂತಿಲ್ಲ, ಹೊರಗಿನವರು ಬಾಗಿಲಲ್ಲೇ ನಿಂತು ಮಾತಾಡಬೇಕು. ನಾನು ಜ್ವರ ನೋಡಲು ಹೋದರೆ ನನ್ನ ಮುಖಗವಸು ಗದ್ದಕ್ಕಿಳಿದಿದ್ದನ್ನು ನೋಡಿ, “ಮೂಗ್ ಮುಚ್ಕಳಿ ಸಾಮಿ, ಬಾಯೊಂದು ಮುಚ್ಚುದ್ರೆ ಸಾಕಾ?” ಎಂದು ಗದರಿಸುತ್ತಿದ್ದರು. ಎದುರು ಕೋಣೆಯವರು ಬಾಗಿಲು ತೆರೆದು ಹರಟೆಗೆ ನಿಂತರೆ ಅವರಿಗೂ ಬೈಗುಳ. ನನ್ನ ಕೆಲಸ ಅರ್ಧಕ್ಕರ್ಧ ಇಳಿಯಿತು.

ಉಳಿದರ್ಧವನ್ನು ತಿಂದು ಹಾಕಿದವರು ಬಾಳೆಲೆ ಕಡೆಯ ಒಬ್ಬ ಪ್ಲಾಂಟರು. ಲಂಡನ್ನಿನಿಂದ ಬಂದವರು. ದಿನಕ್ಕೊಂದು ಸಲ “ಮಿನಿಸ್ಟರ್ ನನ್ನ ಕ್ಲಾಸ್‌ಮೇಟ್, ಗೊತ್ತಾ?” ಎನ್ನುತ್ತಿದ್ದರು. ನಾನು ಗೊತ್ತು ಎನ್ನುತ್ತಿದ್ದೆ. ನಾಲ್ಕನೆಯ ದಿನ ಸಂಜೆ ಅವರ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಕೆಳಗಿಳಿಯುತ್ತಿತ್ತು. ಕೆಳಗೆ ಅವರ ಡ್ರೈವರ್ ಅದಕ್ಕೆ ಹಂದಿಮಾಂಸದ ಡಬ್ಬಿ, ಪತ್ರಿಕೆಯಲ್ಲಿ ಸುತ್ತಿದ ಬಾಟಲಿ ತುಂಬುತ್ತಿದ್ದ. ನಾನು ಓಡಿಹೋಗಿ ಬುಟ್ಟಿ ಹಿಡಿದುಕೊಂಡೆ. ಮೇಲಿನಿಂದ ಅವರು ಎಳೆದರು, ಕೆಳಗಿನಿಂದ ನಾನು.

“ಬಿಡ್ರೀ ಇನ್ಸ್‌ಪೆಕ್ಟ್ರೇ, ಮೆಡಿಸಿನ್ ಅದು!”

“ಯಾವ ಡಾಕ್ಟ್ರು ಬರ್ಕೊಟ್ಟಿದ್ದು ಸಾರ್?”

“ನಮ್ಮಪ್ಪ!”

ಇಡೀ ಹೋಟೆಲು ಬಾಲ್ಕನಿಗೆ ಬಂದು ನಕ್ಕಿತು. ಬಾಟಲಿ ನಾನು ಇಟ್ಟುಕೊಂಡೆ, ಡಬ್ಬಿ ಮೇಲೆ ಹೋಯಿತು. ಈ ಪ್ರಕರಣವನ್ನು ವರದಿ ಮಾಡಬೇಕೇ ಎಂದು ಸಾಹೇಬರನ್ನು ಕೇಳಿದಾಗ ಅವರು, ಬುಟ್ಟಿ ಎಂಬ ಕಾಲಂ ನಮೂನೆಯಲ್ಲಿ ಇಲ್ಲ ಎಂದರು.

ಇಷ್ಟು ಓದಿ ನಿಮಗೆ ನಗು ಬಂದಿದ್ದರೆ ಸಂತೋಷ. ನಾನೂ ಆ ದಿನಗಳಲ್ಲಿ ಚೆನ್ನಾಗಿಯೇ ನಗುತ್ತಿದ್ದೆ.

ಎಂಟನೆಯ ದಿನ ಜ್ವರ ನೋಡಲು ಹೋದಾಗ ಗೌರಮ್ಮ ಬಾಲ್ಕನಿಯಲ್ಲಿ ನಿಂತಿದ್ದರು. ಅಲ್ಲಿಂದ ನೋಡಿದರೆ ಮಡಿಕೇರಿಯ ದೊಡ್ಡಾಸ್ಪತ್ರೆಯ ಮಾಡು ಕಾಣುತ್ತಿತ್ತು, ನಡೆದರೆ ಹತ್ತು ನಿಮಿಷದ ದಾರಿ. ಎರಡನೆಯ ಮಗಳು ಸುಧಾ ಮಾದಾಪುರದ ಹತ್ತಿರ ಇದ್ದಳು. ಅಳಿಯ ಮಂಜುನಾಥ ಅಲ್ಲಿನ ಎಸ್ಟೇಟಿನಲ್ಲಿ ರೈಟರ್, ಅಂದರೆ ಕೂಲಿಯವರ ಹಾಜರಿ ಬರೆಯುವವನು. ಸುಧಾಳಿಗೆ ದಿನ ತುಂಬುತ್ತಿತ್ತು. ಹೆರಿಗೆಗೆ ಆ ಆಸ್ಪತ್ರೆಗೇ ಬರುವವಳಿದ್ದಳು.

“ನಾನು ಈಚೆ ಬರೋದು ಯಾವತ್ತು ಸಾಮಿ? ಸರ್ಯಾಗಿ ಹೇಳಿ” ಎಂದರು.

“ಕೈ ಮೇಲೇ ಇದೆಯಲ್ಲಮ್ಮ, ಬಂದ ದಿನ ಸೇರಿ ಹದಿನಾಲ್ಕು. ಹದಿನೈದನೇ ದಿನ ಬೆಳಿಗ್ಗೆ ನೀವು ಹೊರಗೆ.”

“ಅದು ಸರಿ. ಪುರುಡೂ ಹಂಗೇ ಲೆಕ್ಕ, ಹುಟ್ಟಿದ್ ದಿನ ಸೇರಿ ಹನ್ನೊಂದು.” ಆಮೇಲೆ ಆಸ್ಪತ್ರೆಯ ಕಡೆ ತಿರುಗಿ ಹೇಳಿದರು: “ಹಿಂದಿನ್ ಸಲ ಸುಧಂಗೆ ಮಗ ಹುಟ್ತಲೇ ಹೋಗ್ಬುಟ್ಟಿತ್ತು ಸಾಮಿ. ಮುಖ ತೋರ್ಸೋಕೆ ಯಾರೂ ಮುಂದೆ ಬರ್ಲಿಲ್ಲ. ನಾನೇ ಎತ್ಕೊಂಡೋಗಿ ತೋರ್ಸಿದೆ. ಅವ್ಳು ಅವತ್ತೇ ಹೇಳವ್ಳೆ, ಅವ್ವ, ಇನ್ನೊಂದು ಹುಟ್ಟುದ್ರೆ ಅದ್ರ ಮುಖನೂ ನೀನೇ ತೋರ್ಸ್ಬೇಕು, ಇಲ್ದಿದ್ರೆ ನಂಗೆ ನೋಡೋಕೆ ಧೈರ್ಯ ಬರಲ್ಲ ಅಂತ. ಅದಕ್ಕೇ ಕೇಳ್ತೀವ್ನಿ ದಿನ.”

ಹೆದರಬೇಡಿ, ಖಂಡಿತ ಹೋಗುತ್ತೀರಿ ಎಂದೆ. ನಾನು ಮಾತು ಕೊಟ್ಟೆ ಎಂಬುದನ್ನು ನೀವು ಗಮನಿಸಬೇಕು.

ನನ್ನ ಎಡವಟ್ಟು ಇಷ್ಟು. ನಮ್ಮ ಕಡೆ ಸಾವಿನ ಸೂತಕವಾಗಲಿ ಹೆರಿಗೆಯ ಪುರುಡಾಗಲಿ, ಆದ ದಿನವೇ ಮೊದಲ ದಿನ. ಹುಟ್ಟಿದಾಗಿನಿಂದ ಹಾಗೆಯೇ ಎಣಿಸಿ ಬೆಳೆದವನು ನಾನು, ಇಪ್ಪತ್ತಮೂರು ಕೈಗಳ ಮೇಲೂ ಹಾಗೆಯೇ ಎಣಿಸಿ ಒತ್ತಿದ್ದೆ. ಆದರೆ ನಾನು ಹೆಬ್ಬೆರಳು ಎತ್ತಿದ್ದ ಸುತ್ತೋಲೆಯೊಂದರಲ್ಲಿ, ‘ಆಗಮನದ ದಿನವನ್ನು ಸೊನ್ನೆ ದಿನವೆಂದು ಪರಿಗಣಿಸತಕ್ಕದ್ದು’ ಎಂದಿತ್ತು. ಬಂದ ದಿನ ಸೊನ್ನೆ, ಮಾರನೆಯ ದಿನ ಒಂದು. ಅಂದರೆ ಎಲ್ಲರೂ ನಾನು ಒತ್ತಿದ ತಾರೀಖಿಗಿಂತ ಒಂದು ದಿನ ಹೆಚ್ಚು ಇರಬೇಕು.

ಇದು ನನಗೆ ಗೊತ್ತಾದದ್ದು ಬಿಡುಗಡೆಯ ಬೆಳಗ್ಗೆ. ಎಲ್ಲರ ಗಂಟಲ ಪರೀಕ್ಷೆಯ ಫಲಿತಾಂಶ ಬಂದಿತ್ತು, ಯಾರಿಗೂ ಸೋಂಕಿರಲಿಲ್ಲ. ಇಪ್ಪತ್ತಮೂರು ಜನ ಚೀಲ ಕಟ್ಟಿ ಕೆಳಗಿನ ಹಜಾರದಲ್ಲಿ ಕುಳಿತಿದ್ದರು. ಗೌರಮ್ಮ ನಸುಕಿಗೇ ಸ್ನಾನ ಮುಗಿಸಿ ಬಾಗಿಲ ಹತ್ತಿರದ ಕುರ್ಚಿ ಹಿಡಿದಿದ್ದರು. ಎಂಟು ಗಂಟೆಗೆ ಎರಡು ಸುದ್ದಿ ಒಟ್ಟಿಗೆ ಬಂದವು. ಒಂದು ನನಗೆ ಬಂದ ಮಂಜುನಾಥನ ಫೋನು. ಸುಧಾಳಿಗೆ ನೋವು ಬಂದು ಆಸ್ಪತ್ರೆಗೆ ಸೇರಿಸಿದ್ದೇವೆ, ಆಪರೇಷನ್ ಆಗಬಹುದು ಎನ್ನುತ್ತಿದ್ದಾರೆ, ಅವ್ವ ಅವ್ವ ಎನ್ನುತ್ತಿದ್ದಾಳೆ. ಇನ್ನೊಂದು ಸುತ್ತೋಲೆ ಹಿಡಿದು ಬಂದ ಮೀನುಗಾರಿಕೆಯ ಸಾಹೇಬರು.

“ಏನ್ರೀ ಇದು? ಇವತ್ತಿಗೆ ಹದಿನಾಲ್ಕೇ ಆಗೋದು! ಎಲ್ಲರನ್ನೂ ವಾಪಸ್ ರೂಮಿಗೆ ಕಳಿಸಿ.”

“ಸಾರ್, ಕೈ ಮೇಲೆ ಇವತ್ತಿನ ತಾರೀಖೇ ಇದೆ.”

“ಕೈ ದೊಡ್ಡದೋ ಸುತ್ತೋಲೆ ದೊಡ್ಡದೋ?”

ನಾನು ಗೌರಮ್ಮನ ವಿಷಯ ಬಿಡಿಸಿ ಹೇಳಿದೆ. ಸಾಹೇಬರು ಕೆಟ್ಟವರಲ್ಲ, ಅವರ ಮುಖ ಬಾಡಿತು. ಆದರೆ ಅವರಿಗೂ ಮೇಲೊಬ್ಬರಿದ್ದರು. “ಒಂದು ಟಿಪ್ಪಣಿ ಬರೆದು ಕಳಿಸಿ. ಸ್ಪಷ್ಟೀಕರಣ ಬಂದ ಕೂಡಲೇ ಬಿಡೋಣ” ಎಂದರು. ನಾನು ಬರೆದೆ. ಮೂವತ್ತನಾಲ್ಕು ವರ್ಷದಲ್ಲಿ ಅಷ್ಟು ಚೆಂದದ ಟಿಪ್ಪಣಿ ಬರೆದಿರಲಿಲ್ಲ. ಅದು ಮೇಲಿನ ಕಚೇರಿಗೆ ಹೋಯಿತು. ಅವರೆಲ್ಲ ಮೀಟಿಂಗಿನಲ್ಲಿದ್ದರು. ಕ್ವಾರಂಟೈನ್‌ನಲ್ಲಿರುವವರಿಗೆ ತೊಂದರೆಯಾಗದಂತೆ ನೋಡಿಕೊಳ್ಳುವ ಬಗ್ಗೆ ಮೀಟಿಂಗು.

ಗೌರಮ್ಮನಿಗೆ ಜ್ವರ ಬಂದಿದೆ ಎಂದು ಬರೆದರೆ ಹೇಗೆ ಎಂದೂ ಯೋಚಿಸಿದೆ. ಕಾಯಿಲೆಯವರನ್ನು ಆಂಬುಲೆನ್ಸಿನಲ್ಲಿ ಅದೇ ಆಸ್ಪತ್ರೆಗೆ ಒಯ್ಯಬಹುದಿತ್ತು. ಆದರೆ ಕೊರೊನಾ ವಾರ್ಡಿಗೆ ಹಾಕಿ ಬೀಗ ಜಡಿಯುತ್ತಿದ್ದರು, ಮಗಳನ್ನು ನೋಡುವುದು ಅಲ್ಲಿಗೆ ಮುಗಿಯುತ್ತಿತ್ತು. ಆರೋಗ್ಯವಾಗಿದ್ದವರನ್ನು ಹೊರಗೆ ಬಿಡುವ ದಾರಿ ನಮ್ಮ ಇಲಾಖೆಯಲ್ಲಿ ಇರಲಿಲ್ಲ.

ಹನ್ನೊಂದು ಗಂಟೆಗೆ ಸಾಹೇಬರ ಫೋನಿಗೆ ಒಂದು ಆದೇಶ ಬಂತು. ನಾನು ಎದ್ದು ನಿಂತೆ. ಅದು ಪ್ಲಾಂಟರಿಗೆ. ಅವರು ಕ್ಲಾಸ್‌ಮೇಟಿಗೆ ಫೋನು ಮಾಡಿ ಹತ್ತು ನಿಮಿಷವಾಗಿತ್ತಷ್ಟೆ. ‘ವಿಶೇಷ ಪ್ರಕರಣವೆಂದು ಪರಿಗಣಿಸಿ ಸದರಿಯವರನ್ನು ಕೂಡಲೇ ಬಿಡುಗಡೆ ಮಾಡುವುದು.’ ಅವರ ಜೀಪು ಗೇಟಿಗೆ ಬಂತು. ಅಲ್ಲಿ ನಾನೇ ನಿಂತಿದ್ದೆ. ಅವರು ಹತ್ತುವ ಮೊದಲು ತಿರುಗಿ ಗೌರಮ್ಮನ ಕಡೆ ನೋಡಿದರು.

“ಇನ್ಸ್‌ಪೆಕ್ಟ್ರೇ, ಆ ಅಮ್ಮನ್ನೂ ಕಳ್ಸಿ. ಹಾಸ್ಪಿಟಲ್ ನನ್ ದಾರೀಲೇ ಸಿಗ್ತದೆ, ಬಿಟ್ಟು ಹೋಗ್ತೇನೆ. ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳಿ.”

“ಆರ್ಡರ್ ನಿಮಗೊಬ್ಬರಿಗೇ ಬಂದಿರೋದು ಸಾರ್.”

“ಅಯ್ಯೋ ಮಾರಾಯ್ರೆ, ಅವರ ಕೈ ಮೇಲೆ ನೀವೇ ತಾನೇ ಬರ್ದಿದ್ದು ಇವತ್ತಂತ?”

ಸಾಹೇಬರು ಹಜಾರದ ಒಳಗೆ ಫೋನಿನಲ್ಲಿದ್ದರು, ಬೆನ್ನು ನಮ್ಮ ಕಡೆ. ಪಹರೆಯ ಪೊಲೀಸಿನವನೂ ಇದನ್ನೆಲ್ಲ ಕೇಳಿಸಿಕೊಂಡು, ಬೂಟಿನ ದಾರ ಕಟ್ಟಲು ಬಗ್ಗಿದವನು ಏಳಲೇ ಇಲ್ಲ. ಗೌರಮ್ಮ ಚೀಲ ಹಿಡಿದು ಎದ್ದು ನಿಂತಿದ್ದರು. ಕೈ ಮೇಲಿನ ತಾರೀಖನ್ನು ನಾನು ನೋಡಲೆಂದು ಸೆರಗಿನಿಂದ ಹೊರಗಿಟ್ಟಿದ್ದರು. ನನ್ನ ನಿವೃತ್ತಿಗೆ ಆರು ತಿಂಗಳಿತ್ತು. ಪಿಂಚಣಿಯ ಕಡತ ಮೇಲಿನ ಕಚೇರಿಯಲ್ಲಿತ್ತು. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಸೋಂಕಲ್ಲ, ಸುಧಾ ಅಲ್ಲ, ಆ ಕಡತ.

“ಬೇಡಮ್ಮ. ಆರ್ಡರ್ ಬರ್ಲಿ. ಈಗ ಬರ್ತದೆ” ಎಂದೆ.

ಜೀಪು ಹೋಯಿತು. ಗೇಟು ಹಾಕಿದವನು ನಾನೇ.

ಗೌರಮ್ಮ ಜಗಳವಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ಮೇಲೆ ಹೋಗಿ ಬಾಲ್ಕನಿಯಲ್ಲಿ ಆಸ್ಪತ್ರೆಯ ಕಡೆ ಮುಖ ಮಾಡಿ ನಿಂತರು. ಊಟದ ಪೊಟ್ಟಣ ಬಾಗಿಲಲ್ಲೇ ಉಳಿಯಿತು. ಮಧ್ಯಾಹ್ನ ಮೂರಕ್ಕೆ ಮಂಜುನಾಥ ಫೋನು ಮಾಡಿದ. ಆಪರೇಷನ್ ಆಯಿತು, ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ. ನಾನು ಓಡಿಹೋಗಿ ಬಾಗಿಲು ಬಡಿದು ಹೇಳಿದೆ. ನನಗೆ ಎದೆಯ ಮೇಲಿನ ಕಲ್ಲು ಇಳಿದಷ್ಟು ಸಂತೋಷವಾಗಿತ್ತು, ಅವರಿಗೂ ಆಗುತ್ತದೆ ಎಂದುಕೊಂಡಿದ್ದೆ. ಅವರು ಕೈ ಮುಗಿದರು, ನನಗಲ್ಲ. ಆಮೇಲೆ ನಿಧಾನವಾಗಿ ಹೇಳಿದರು:

“ನೀವು ಒಳ್ಳೇವ್ರೇ ಸಾಮಿ. ಈ ಹದಿನೈದ್ ದಿನದಲ್ಲಿ ಒಂದು ಗಟ್ಟಿ ಮಾತಾಡ್ಲಿಲ್ಲ ನೀವು. ಆದ್ರೆ ಒಳ್ಳೇದು ಮಾಡೋಕೂ ಮೇಲ್ನೋರ್ನ ಕೇಳ್ಕಂಡೇ ಮಾಡ್ತೀರಿ.”

ಸ್ಪಷ್ಟೀಕರಣ ಕೊನೆಗೂ ಬಂತು, ಮೂರು ವಾರ ಕಳೆದ ಮೇಲೆ. ‘ಈಗಾಗಲೇ ಕೈ ಮೇಲೆ ದಿನಾಂಕ ನಮೂದಿಸಿದ್ದಲ್ಲಿ ಸದರಿ ದಿನಾಂಕವನ್ನೇ ಅಂತಿಮವೆಂದು ಪರಿಗಣಿಸಬಹುದು.’ ಸಾಹೇಬರು ಅದನ್ನು ನನಗೆ ದಾಟಿಸಿ ‘ಕ್ರಮಕ್ಕಾಗಿ’ ಎಂದು ಬರೆದಿದ್ದರು. ಆ ಸಲ ನಾನು ಹೆಬ್ಬೆರಳು ಎತ್ತಲಿಲ್ಲ.

ನಾನು ಗೇಟು ಹಾಕಿದ ಮಾರನೆಯ ಬೆಳಗ್ಗೆಯೇ ಸುತ್ತೋಲೆಯ ಪ್ರಕಾರ ಉಳಿದವರೆಲ್ಲ ಬಿಡುಗಡೆಯಾಗಿದ್ದರು. ವಾಹನ ತರಿಸುತ್ತೇನೆ ಎಂದರೆ ಗೌರಮ್ಮ ಕೇಳಲಿಲ್ಲ, ನಡೆದೇ ಹೊರಟರು. ಚೀಲ ಹೊತ್ತು ನಾನು ಹಿಂದೆ ಹೋದೆ. ಹತ್ತು ನಿಮಿಷದ ದಾರಿಯನ್ನು ಅವರು ಆರು ನಿಮಿಷದಲ್ಲಿ ಮುಗಿಸಿದರು. ವಾರ್ಡಿನ ಬಾಗಿಲಲ್ಲಿ ನರ್ಸ್ ತಡೆದು, ಯಾರು ಏನು ಎಂದು ತಿಳಿದ ಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು.

“ಬೇಗ ಕಳ್ಸಿ ಸಾರ್. ಆ ಹುಡುಗಿ ನಿನ್ನೆಯಿಂದ ಮಗೂನ ನೋಡೇ ಇಲ್ಲ. ಹಾಲು ಕುಡಿಸುವಾಗಲೂ ಕಣ್ಣು ಮುಚ್ಕೊಂಡೇ ಇದ್ದಾಳೆ. ಚೆನ್ನಾಗಿದೆ ಅಂದ್ರೂ ನಂಬಲ್ಲ. ಹೋದ್ಸಲಾನೂ ಹಂಗೇ ಹೇಳಿದ್ರಿ ಅಂತಾಳೆ.”

ಗೌರಮ್ಮ ಒಳಗೆ ಹೋದರು. ನಾನು ಹೊರಗೆ ಗೋಡೆಗೆ ಒರಗಿ ನಿಂತೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ.

“ಅವ್ವ, ಉಸ್ರಾಡ್ತಾ ಐತಾ?”

“ನನ್ನೇ ದಿಟ್ಟುಸ್ಕಂಡ್ ನೋಡ್ತಾ ಐತೆ ಕಣವ್ವ. ನಾನೇ ಎತ್ಕಂಡಿವ್ನಿ. ಕಣ್ ಬುಡು.”

ಆಮೇಲೆ ಸುಧಾ ಅತ್ತಳು. ಅದು ನಗುವಿನ ಅಳು ಎಂದು ಹೊರಗೆ ನಿಂತವನಿಗೂ ತಿಳಿಯುತ್ತಿತ್ತು. ನನಗೆ ಅಲ್ಲಿ ನಿಲ್ಲಲು ನಾಚಿಕೆಯಾಯಿತು, ಆದರೂ ಚೀಲ ಕೊಡಬೇಕಿತ್ತು, ನಿಂತೆ. ಗೌರಮ್ಮ ಕಣ್ಣೊರೆಸಿಕೊಂಡು ಬಂದು ಚೀಲ ತೆಗೆದುಕೊಂಡರು. ನಾನು, ನಿನ್ನೆ ಎಷ್ಟು ಗಂಟೆಗೆ ಹುಟ್ಟಿದ್ದು, ಜಾತಕಕ್ಕೆ ಬರೆಸಿದಿರಾ ಎಂದೇನೋ ಬಾಯಿಗೆ ಬಂದದ್ದು ಕೇಳಿದೆ.

“ನೆನ್ನೆ ಅಂತ ಆಸ್ಪತ್ರೆಯೋರು ಬರ್ಕಂಡವ್ರೆ ಸಾಮಿ” ಎಂದರು ಅವರು. “ನನ್ ಮಗಳಿಗೆ ಈಗ ಹುಟ್ತು.”

ನಡುವಿನ ಆ ಒಂದು ದಿನ ಮಗುವಿಗೆ ತಾಯಿಯ ಕಣ್ಣು ಸಿಗಲಿಲ್ಲ. ಅದನ್ನು ಸುತ್ತೋಲೆ ಬರೆದವರಾಗಲಿ, ಮೀಟಿಂಗಿನಲ್ಲಿ ಕುಳಿತವರಾಗಲಿ, ಮೀನುಗಾರಿಕೆಯ ಸಾಹೇಬರಾಗಲಿ ಕಸಿದುಕೊಳ್ಳಲಿಲ್ಲ. ಅವರ್ಯಾರೂ ಗೇಟಿನ ಹತ್ತಿರ ಇರಲಿಲ್ಲ. ನಾನಿದ್ದೆ.